ಸ್ನೂಕರ್ ರ‍್ಯಾಂಕಿಂಗ್ ಟೂರ್ನಿಯ ಫಲಿತಾಂಶ ಓದೋದು ಹೇಗೆ?

2013ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಇಂಡಿಯನ್ ಓಪನ್ ನಡೆಯಿತು. ಫೈನಲ್ ಫಲಿತಾಂಶ ಒಂದೇ ಸಾಲು: ಡಿಂಗ್ ಜುನ್‌ಹುಯಿ 5–0 ಆದಿತ್ಯ ಮೆಹ್ತಾ. ಇದೊಂದನ್ನೇ ಓದಿದವರು 'ಪಾಪ, ಒಂದು ಫ್ರೇಮ್ (ಪಂದ್ಯದೊಳಗಿನ ಒಂದು ಬಿಡಿ ಆಟ) ಕೂಡ ಸಿಗಲಿಲ್ಲ' ಅಂದುಕೊಂಡು ಪುಟ ತಿರುಗಿಸುತ್ತಾರೆ. ಅದಕ್ಕಿಂತ ಒಂದು ಸಾಲು ಮೇಲೆ ನೋಡಿ. ಸೆಮಿಫೈನಲ್‌ನಲ್ಲಿ ಮೆಹ್ತಾ 4–3 ಸ್ಟೀಫನ್ ಮಗ್ವಾಯರ್. ಕೊನೆಯ ಫ್ರೇಮ್‌ವರೆಗೆ ಎಳೆದುಕೊಂಡು ಹೋದ ಪಂದ್ಯ. ಅದನ್ನು ಗೆದ್ದು ರ‍್ಯಾಂಕಿಂಗ್ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಅನ್ನಿಸಿಕೊಂಡರು ಮೆಹ್ತಾ. ಇನ್ನು ಎದುರಿಗಿದ್ದ ಡಿಂಗ್ ಆಗಷ್ಟೇ ಶಾಂಘೈ ಮಾಸ್ಟರ್ಸ್ ಗೆದ್ದು ಬಂದಿದ್ದರು. ದೆಹಲಿ ಆದ ಮೇಲೆ ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಸಾಲಾಗಿ ಮೂರು ರ‍್ಯಾಂಕಿಂಗ್ ಪ್ರಶಸ್ತಿ. ಈಗ ಆ 5–0 ಬೇರೆ ಥರ ಕಾಣುತ್ತೆ, ಅಲ್ವಾ?

ಸ್ನೂಕರ್ ಫಲಿತಾಂಶದಲ್ಲಿ ದಪ್ಪ ಅಕ್ಷರದ ಅಂಕಿ ಯಾರು ಗೆದ್ದರು ಅಂತ ಮಾತ್ರ ಹೇಳುತ್ತೆ. ಹೇಗೆ ಗೆದ್ದರು ಅನ್ನೋದು ಅದರ ಕೆಳಗಿನ ಸಣ್ಣ ಅಂಕಿಗಳಲ್ಲಿ, ಆವರಣದೊಳಗೆ ಇರುತ್ತೆ. ನಾನು ಶುರುವಿನಲ್ಲಿ ಎಷ್ಟೋ ಕಾಲ ಆ ಸಣ್ಣ ಅಂಕಿಗಳನ್ನು ನೋಡುತ್ತಲೇ ಇರಲಿಲ್ಲ. ಏನೋ ಲೆಕ್ಕಪತ್ರ ಇರಬೇಕು ಅಂತ ಬಿಟ್ಟುಬಿಡುತ್ತಿದ್ದೆ. ಓದೋದು ಕಷ್ಟ ಏನಲ್ಲ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅಂತ ಗೊತ್ತಿದ್ದರೆ ಸಾಕು.

ಮೊದಲು: ಇದು ರ‍್ಯಾಂಕಿಂಗ್ ಟೂರ್ನಿಯೇ?

ವೃತ್ತಿಪರ ಸ್ನೂಕರ್‌ನಲ್ಲಿ ಟೂರ್ನಿಗಳು ಎರಡು ಬಗೆ. ಗೆದ್ದ ಬಹುಮಾನದ ಹಣ ವಿಶ್ವ ಶ್ರೇಯಾಂಕಕ್ಕೆ ಸೇರುವಂಥದ್ದು ರ‍್ಯಾಂಕಿಂಗ್ ಟೂರ್ನಿ. ಸೇರದೇ ಇರುವಂಥದ್ದು ಆಹ್ವಾನಿತರ ಟೂರ್ನಿ. ಹೆಸರು ನೋಡಿ ಇದನ್ನು ಹೇಳೋಕಾಗಲ್ಲ. ಲಂಡನ್ನಿನ ಮಾಸ್ಟರ್ಸ್ ಎಷ್ಟು ದೊಡ್ಡದು! ವಿಶ್ವದ ಮೊದಲ 16 ಮಂದಿ ಮಾತ್ರ ಆಡುತ್ತಾರೆ. ವಿಶ್ವ ಚಾಂಪಿಯನ್‌ಶಿಪ್, ಯುಕೆ ಚಾಂಪಿಯನ್‌ಶಿಪ್ ಜೊತೆ ಸೇರಿಸಿ ಅದನ್ನು 'ಟ್ರಿಪಲ್ ಕ್ರೌನ್' ಅಂತಾರೆ. ಆದರೂ ಮಾಸ್ಟರ್ಸ್ ಗೆದ್ದರೆ ಶ್ರೇಯಾಂಕಕ್ಕೆ ಒಂದು ಪೌಂಡೂ ಸೇರುವುದಿಲ್ಲ. ಚಾಂಪಿಯನ್ ಆಫ್ ಚಾಂಪಿಯನ್ಸ್ ಕತೆಯೂ ಅಷ್ಟೇ.

ಅದೇ ಶೂಟ್ ಔಟ್ ಅಂತ ಒಂದಿದೆ. ಒಂದು ಪಂದ್ಯ ಅಂದರೆ ಒಂದೇ ಫ್ರೇಮ್, ಹತ್ತು ನಿಮಿಷ, ಮುಗೀತು. ಮೊದಲ ಐದು ನಿಮಿಷ ಒಂದು ಹೊಡೆತಕ್ಕೆ 15 ಸೆಕೆಂಡ್, ಆಮೇಲೆ 10 ಸೆಕೆಂಡ್. ಪ್ರೇಕ್ಷಕರು ಕೂಗಾಡುತ್ತಾ ಇರುತ್ತಾರೆ. ಇದು ಮಾತ್ರ 2017ರಿಂದ ರ‍್ಯಾಂಕಿಂಗ್ ಟೂರ್ನಿ! ನನಗಂತೂ ಇದು ಈವತ್ತಿಗೂ ಜೀರ್ಣವಾಗಿಲ್ಲ. ಹತ್ತು ನಿಮಿಷದ ಆಟಕ್ಕೂ ಹದಿನೇಳು ದಿನದ ವಿಶ್ವ ಚಾಂಪಿಯನ್‌ಶಿಪ್ಪಿಗೂ ಒಂದೇ ಪಟ್ಟಿಯಲ್ಲಿ ಜಾಗ ಅಂದರೆ ಹೇಗೆ? ಇರಲಿ, ನಿಯಮ ಇರೋದು ಹಾಗೆ. ಟೂರ್ನಿಯ ವಿವರದ ಮೊದಲ ಸಾಲುಗಳಲ್ಲೇ ರ‍್ಯಾಂಕಿಂಗ್ ಹೌದೋ ಅಲ್ಲವೋ ಅಂತ ಬರೆದಿರುತ್ತೆ. ಅದನ್ನು ನೋಡಿಕೊಂಡೇ ಮುಂದೆ ಹೋಗಿ.

ಎರಡನೆಯದು: ಎಷ್ಟು ಫ್ರೇಮ್‌ನ ಪಂದ್ಯ?

ಫಲಿತಾಂಶಗಳ ಪಟ್ಟಿಯಲ್ಲಿ ಪ್ರತಿ ಸುತ್ತಿನ ಹೆಸರಿನ ಕೆಳಗೆ 'ಬೆಸ್ಟ್ ಆಫ್ 7', 'ಬೆಸ್ಟ್ ಆಫ್ 9' ಅಂತ ಇರುತ್ತೆ. ಬೆಸ್ಟ್ ಆಫ್ 9 ಅಂದರೆ ಹೆಚ್ಚೆಂದರೆ ಒಂಬತ್ತು ಫ್ರೇಮ್, ಮೊದಲು ಐದು ಗೆದ್ದವರದು ಪಂದ್ಯ. ಒಂಬತ್ತನ್ನೂ ಆಡಲೇಬೇಕು ಅಂತಿಲ್ಲ. 4–4 ಆಗಿ ಒಂಬತ್ತನೆಯದಕ್ಕೆ ಹೋದರೆ ಅದು ಡಿಸೈಡರ್. ಒಂದೂ ಬಿಟ್ಟುಕೊಡದೆ 5–0 ಗೆದ್ದರೆ ವೈಟ್‌ವಾಷ್.

ಇದನ್ನು ನೋಡದೆ ಅಂಕಿ ಹೋಲಿಸಬೇಡಿ. 4–3 ಸೋಲೂ ಒಂದು ಫ್ರೇಮ್‌ನ ಅಂತರ, 13–12 ಸೋಲೂ ಒಂದು ಫ್ರೇಮ್‌ನ ಅಂತರ. ಮೊದಲನೆಯದು ಒಂದು ಸಂಜೆಯ ಆಟ. ಎರಡನೆಯದಕ್ಕೆ ಆಟಗಾರ ಮೂರು ಸೆಷನ್, ಅಂದರೆ ಮೂರು ಬೇರೆ ಬೇರೆ ಹೊತ್ತು, ಕೂತು ಎದ್ದಿರುತ್ತಾನೆ. ಪಂದ್ಯ ಚಿಕ್ಕದಾದಷ್ಟೂ ಅಚ್ಚರಿಯ ಫಲಿತಾಂಶ ಜಾಸ್ತಿ. ಉದ್ದವಾದಷ್ಟೂ ನಿಜವಾಗಿ ಚೆನ್ನಾಗಿ ಆಡುವವನೇ ಗೆಲ್ಲುವ ಸಾಧ್ಯತೆ ಹೆಚ್ಚು.

ವಿಶ್ವ ಚಾಂಪಿಯನ್‌ಶಿಪ್ 1977ರಿಂದ ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲಿ ನಡೆಯುತ್ತಾ ಬಂದಿದೆ. ಅಲ್ಲಿ ಮೊದಲ ಸುತ್ತು ಬೆಸ್ಟ್ ಆಫ್ 19, ಎರಡನೇ ಸುತ್ತು ಮತ್ತು ಕ್ವಾರ್ಟರ್ ಫೈನಲ್ 25, ಸೆಮಿಫೈನಲ್ 33, ಫೈನಲ್ 35. ಅಂದರೆ ಚಾಂಪಿಯನ್ ಆಗೋಕೆ 10, 13, 13, 17, 18 ಹೀಗೆ ಒಟ್ಟು 71 ಫ್ರೇಮ್ ಗೆಲ್ಲಬೇಕು.

ಇನ್ನೊಂದು ವಿಚಿತ್ರ. ಚಾಂಪಿಯನ್‌ಶಿಪ್ ಲೀಗ್‌ನ ರ‍್ಯಾಂಕಿಂಗ್ ಆವೃತ್ತಿಯಲ್ಲಿ ಗುಂಪು ಹಂತದ ಪಂದ್ಯ ನಾಲ್ಕೇ ಫ್ರೇಮ್‌ನದ್ದು. ಅಲ್ಲಿ 2–2 ಡ್ರಾ ಆಗುತ್ತೆ. ಸ್ನೂಕರ್‌ನಲ್ಲಿ ಡ್ರಾ ಕಂಡರೆ ಯಾರೋ ತಪ್ಪು ಬರೆದಿದ್ದಾರೆ ಅಂದ್ಕೋಬೇಡಿ.

ಮೂರನೆಯದು: ಡ್ರಾ ಪಟ್ಟಿ

ಇದನ್ನು ಬೇಗ ಮುಗಿಸಿಬಿಡೋಣ. ಇಲ್ಲಿ ಡ್ರಾ ಅಂದರೆ ಸಮಬಲ ಅಲ್ಲ, ಯಾರ ಎದುರು ಯಾರು ಅನ್ನೋ ಪಟ್ಟಿ. ಅದರಲ್ಲಿ ಎಡಗಡೆ ಮೊದಲ ಸುತ್ತು, ಬಲಕ್ಕೆ ಹೋದ ಹಾಗೆ ಹೆಸರು ಕಮ್ಮಿ ಆಗುತ್ತಾ ಕೊನೆಗೆ ಒಂದೇ ಹೆಸರು. ಹೆಸರಿನ ಪಕ್ಕ ಚಿಕ್ಕ ಅಂಕಿ ಇದ್ದರೆ ಅದು ಸೀಡ್, ಅಂದರೆ ಶ್ರೇಯಾಂಕ ನೋಡಿ ಕೊಟ್ಟ ಕ್ರಮಸಂಖ್ಯೆ. ಕೆಲವು ಟೂರ್ನಿಗಳಲ್ಲಿ ಎಲ್ಲರೂ ಒಂದೇ ಸುತ್ತಿನಿಂದ ಶುರು ಮಾಡುತ್ತಾರೆ. ಇನ್ನು ಕೆಲವಲ್ಲಿ ದೊಡ್ಡ ಸೀಡ್‌ಗಳು ಮುಂದಿನ ಸುತ್ತಿಗೆ ನೇರವಾಗಿ ಬರುತ್ತಾರೆ. ಕ್ರೂಸಿಬಲ್‌ನ 32 ಮಂದಿಯಲ್ಲಿ 16 ಜನ ಸೀಡ್, ಉಳಿದ 16 ಜನ ಅರ್ಹತಾ ಸುತ್ತುಗಳಲ್ಲಿ ಗುದ್ದಾಡಿ ಬಂದವರು.

ಅರ್ಹತಾ ಸುತ್ತಿನ ಫಲಿತಾಂಶ ಬೇರೆ ಕಡೆ ಇರುತ್ತೆ. ಅದನ್ನೂ ತೆರೆದು ನೋಡೋದು ಒಳ್ಳೇದು. ಮುಖ್ಯ ಹಂತಕ್ಕೂ ಅದಕ್ಕೂ ನಡುವೆ ಕೆಲವು ಸಲ ವಾರಗಟ್ಟಲೆ ಅಂತರ ಇರುತ್ತೆ. ಆತಿಥೇಯ ದೇಶದ ದೊಡ್ಡ ಆಟಗಾರರ ಅರ್ಹತಾ ಪಂದ್ಯವನ್ನು ಎತ್ತಿಟ್ಟು, ಮುಖ್ಯ ಸ್ಥಳದಲ್ಲೇ ಜನರ ಮುಂದೆ ಆಡಿಸುವ ರೂಢಿಯೂ ಇದೆ. ಅಂಥ ಪಂದ್ಯ ಕಂಡಾಗ 'ಇದೇನಿದು, ಮುಖ್ಯ ಹಂತದ ಮೊದಲ ದಿನ ಅರ್ಹತಾ ಸುತ್ತು?' ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಾಗೆಯೇ ಸ್ಕೋರ್ ಬದಲು 'ವಾಕ್‌ಓವರ್' ಅಂತ ಇದ್ದರೆ ಎದುರಾಳಿ ಹಿಂದೆ ಸರಿದಿದ್ದಾನೆ, ಪಂದ್ಯ ನಡೆದೇ ಇಲ್ಲ ಅಂತ ಅರ್ಥ.

ನಾಲ್ಕನೆಯದು: ಫ್ರೇಮ್ ಸಾಲು. ನಿಜವಾದ ಓದು ಇಲ್ಲಿದೆ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಮೊದಲು ಅಂಕದ ಲೆಕ್ಕ ನೆನಪು ಮಾಡಿಕೊಳ್ಳಿ. ಮೇಜಿನ ಮೇಲೆ 15 ಕೆಂಪು ಚೆಂಡು, ಒಂದೊಂದಕ್ಕೆ 1 ಅಂಕ. ಬಣ್ಣದ ಚೆಂಡು ಆರು: ಹಳದಿ 2, ಹಸಿರು 3, ಕಂದು 4, ನೀಲಿ 5, ಗುಲಾಬಿ 6, ಕಪ್ಪು 7. ಒಂದು ಕೆಂಪು, ಆಮೇಲೆ ಒಂದು ಬಣ್ಣ, ಮತ್ತೆ ಕೆಂಪು. ಕೆಂಪು ಇರುವ ತನಕ ಬಣ್ಣದ ಚೆಂಡು ಮತ್ತೆ ಮೇಜಿಗೆ ಬರುತ್ತೆ. ಕೆಂಪೆಲ್ಲ ಖಾಲಿಯಾದ ಮೇಲೆ ಆರು ಬಣ್ಣಗಳನ್ನು ಸಾಲಾಗಿ ಹಾಕಬೇಕು, ಅದಕ್ಕೆ ಒಟ್ಟು 27. ಪ್ರತಿ ಕೆಂಪಿನ ಜೊತೆ ಕಪ್ಪನ್ನೇ ಹಾಕಿದರೆ 15 × 8 = 120, ಜೊತೆಗೆ 27. ಅದೇ 147, ಮ್ಯಾಕ್ಸಿಮಮ್ ಬ್ರೇಕ್. ರಾನಿ ಓಸಲಿವನ್ 1997ರಲ್ಲಿ ಕ್ರೂಸಿಬಲ್‌ನಲ್ಲಿ ಇದನ್ನು ಐದು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದ್ದರು.

ಮೇಜಿನಿಂದ ಏಳದೆ ಒಂದೇ ಸರದಿಯಲ್ಲಿ ಗಳಿಸಿದ ಅಂಕವೇ ಬ್ರೇಕ್. ಫಲಿತಾಂಶದಲ್ಲಿ ಸಾಮಾನ್ಯವಾಗಿ 50 ಮತ್ತು ಅದಕ್ಕೂ ಮೇಲಿನ ಬ್ರೇಕ್‌ಗಳನ್ನು ಆವರಣದಲ್ಲಿ ಕೊಡುತ್ತಾರೆ. 100 ಮುಟ್ಟಿದರೆ ಸೆಂಚುರಿ.

ಈಗ ಒಂದು ಪಂದ್ಯ ನೋಡೋಣ. ಇದು ನಾನೇ ಕಟ್ಟಿದ ಉದಾಹರಣೆ, ಆಡಿದವರನ್ನು 'ಅ' ಮತ್ತು 'ಬ' ಅಂದ್ಕೊಳ್ಳಿ. ಎಡಗಡೆಯ ಅಂಕ 'ಅ'ನದು.

ಅ 5–4 ಬ
72–8 (72), 0–101 (101), 65–57, 1–88 (80), 64–63, 12–77 (62), 81–0 (81), 45–66, 58–51

ಮೊದಲ ಫ್ರೇಮ್: 72–8, ಆವರಣದಲ್ಲೂ 72. ಅಂದರೆ 'ಅ' ಗಳಿಸಿದ ಅಷ್ಟೂ ಅಂಕ ಒಂದೇ ಸರದಿಯಲ್ಲಿ ಬಂದಿದೆ. 'ಬ' ಒಂದು ಅವಕಾಶ ಕೊಟ್ಟ, ಕಥೆ ಮುಗೀತು. ಎರಡನೇ ಫ್ರೇಮ್‌ನಲ್ಲಿ ಅದಕ್ಕೆ ಉತ್ತರ, ಸೆಂಚುರಿ. 'ಅ' ಕುರ್ಚಿಯಲ್ಲಿ ಕೂತು ನೀರು ಕುಡಿಯೋದು ಬಿಟ್ಟು ಬೇರೇನೂ ಮಾಡಿಲ್ಲ.

ಮೂರನೆಯದು ಬೇರೆ ಜಾತಿ. 65–57, ಆವರಣವೇ ಇಲ್ಲ. ಇಬ್ಬರಲ್ಲಿ ಯಾರೂ 50ರ ಬ್ರೇಕ್ ಮಾಡಿಲ್ಲ. ಆದರೂ ಇಬ್ಬರೂ ಸೇರಿ 122 ಅಂಕ. ಹತ್ತು, ಇಪ್ಪತ್ತು, ಹದಿನೈದು ಅಂತ ತುಂಡು ತುಂಡಾಗಿ ಕೂಡಿಹಾಕಿದ ಫ್ರೇಮ್ ಇದು. ಇಂಥ ಫ್ರೇಮ್‌ನಲ್ಲಿ ಸೇಫ್ಟಿ ಆಟ ಜಾಸ್ತಿ. ಬಿಳಿ ಚೆಂಡನ್ನು ಬಣ್ಣದ ಹಿಂದೆ ಅಡಗಿಸೋದು, ಎದುರಾಳಿ ತಡಕಾಡುವ ಹಾಗೆ ಮಾಡೋದು, ಇವೇ ಕೆಲಸ. ಅರ್ಧ ಗಂಟೆ ದಾಟಿದ್ದರೂ ಆಶ್ಚರ್ಯ ಇಲ್ಲ.

ಐದನೆಯದು 64–63. ಇದನ್ನು ಹಿಂದಕ್ಕೆ ಬಿಚ್ಚಿ ನೋಡಿ. ಅಂತರ ಒಂದೇ ಅಂಕ. ಕೊನೆಯ ಕಪ್ಪು ಚೆಂಡಿಗೆ 7. ಆದ್ದರಿಂದ ಬಹುಶಃ 'ಅ' 57–63ರಲ್ಲಿ ಹಿಂದೆ ಇದ್ದ, ಮೇಜಿನ ಮೇಲೆ ಕಪ್ಪು ಒಂದೇ ಉಳಿದಿತ್ತು, ಅದನ್ನು ಹಾಕಿ ಗೆದ್ದ. ಆಟ ನೋಡದೆಯೇ ಇಷ್ಟು ಊಹಿಸಬಹುದು. ಒಂಬತ್ತನೇ ಫ್ರೇಮ್ ಇನ್ನೂ ಮಜಾ. 58–51, ಸರಿಯಾಗಿ 7ರ ಅಂತರ. ಎಲ್ಲ ಚೆಂಡು ಮುಗಿದಾಗ ಅಂಕ ಸಮವಾಗಿದ್ದರೆ ಕಪ್ಪನ್ನು ಮತ್ತೆ ಅದರ ಜಾಗದಲ್ಲಿಟ್ಟು ಆಡಿಸುತ್ತಾರೆ. ಹಾಗಾಗಿ 7ರ ಅಂತರ ಕಂಡಾಗಲೆಲ್ಲ 'ಮರಳಿ ಇಟ್ಟ ಕಪ್ಪು ಇರಬಹುದೇ?' ಅಂತ ಒಂದು ಅನುಮಾನ ಇಟ್ಟುಕೊಳ್ಳಿ. ಇಲ್ಲಿ 51–51 ಆಗಿದ್ದಿರಬಹುದು. ಡಿಸೈಡರ್‌ನಲ್ಲಿ, ಮರಳಿ ಇಟ್ಟ ಕಪ್ಪಿನ ಮೇಲೆ ಪಂದ್ಯ! ಕೈ ನಡುಗದೇ ಇರುತ್ತಾ?

ಈಗ ಒಂದು ಕೆಲಸ ಮಾಡಿ. ಎರಡೂ ಕಡೆಯ ಅಂಕ ಕೂಡಿಸಿ. 'ಅ'ನದು ಒಟ್ಟು 398. 'ಬ'ನದು 511. ಸೋತವನೇ 113 ಅಂಕ ಹೆಚ್ಚು ಗಳಿಸಿದ್ದಾನೆ! ಸೆಂಚುರಿ, 80, 62 ಎಲ್ಲ ಅವನದೇ. ಅವನು ಗೆದ್ದ ಫ್ರೇಮ್‌ಗಳಲ್ಲಿ ಹೆಚ್ಚಿನವು ಏಕಪಕ್ಷೀಯ, ಸೋತದ್ದರಲ್ಲಿ ಮೂರು ಕೂದಲೆಳೆಯವು: 8 ಅಂಕ, 1 ಅಂಕ, 7 ಅಂಕ. 'ಅ' ಈ ಪಂದ್ಯ ಗೆದ್ದದ್ದು ಪಾಟಿಂಗ್‌ನಿಂದ (ಚೆಂಡುಗಳನ್ನು ಸಾಲಾಗಿ ಹಾಕೋದರಿಂದ) ಅಲ್ಲ, ಆವರಣ ಇಲ್ಲದ ಫ್ರೇಮ್‌ಗಳಿಂದ. 5–4 ಅನ್ನೋ ಅಂಕಿ ಮಾತ್ರ ನೋಡಿದ್ದರೆ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ಇನ್ನೆರಡು ಸಣ್ಣ ಸುಳಿವು. ಇಬ್ಬರ ಅಂಕ ಸೇರಿ 147 ದಾಟಿದರೆ ಆ ಫ್ರೇಮ್‌ನಲ್ಲಿ ಫೌಲ್ ಅಂಕ ಸೇರಿದೆ ಅನ್ನೋದು ಹೆಚ್ಚುಕಡಿಮೆ ಖಚಿತ. ಒಂದು ಫೌಲ್‌ಗೆ ಎದುರಾಳಿಗೆ ಕಮ್ಮಿ ಅಂದರೆ 4, ಜಾಸ್ತಿ ಅಂದರೆ 7 ಅಂಕ ಸಿಗುತ್ತೆ. ಆವರಣದಲ್ಲಿ ಒಬ್ಬನದೇ ಎರಡು ಬ್ರೇಕ್ ಇದ್ದರೆ ಒಂದೇ ಫ್ರೇಮ್‌ನಲ್ಲಿ ಎರಡು ಅರ್ಧಶತಕ. ಅಂದರೆ ಮೊದಲ ಸಲ ಫ್ರೇಮ್ ಮುಗಿಸಲಾಗದೆ ಎದ್ದು ಬಂದವನಿಗೆ ಮತ್ತೊಂದು ಅವಕಾಶ ಸಿಕ್ಕಿದೆ.

ಫ್ರೇಮ್ ಅರ್ಧಕ್ಕೇ ಯಾಕೆ ನಿಲ್ಲುತ್ತೆ?

ಹೊಸಬರು ತಪ್ಪದೆ ಕೇಳುವ ಪ್ರಶ್ನೆ ಇದು. ಮೇಜಿನ ಮೇಲೆ ಚೆಂಡು ಇನ್ನೂ ಇವೆ, ಆದರೂ ಒಬ್ಬ ಎದ್ದು ಕೈ ಕುಲುಕಿಬಿಟ್ಟ. ಯಾಕೆ?

ಉಳಿದ ಅಂಕದ ಲೆಕ್ಕ ಸುಲಭ. ಉಳಿದಿರುವ ಪ್ರತಿ ಕೆಂಪಿಗೆ 8, ಅದಕ್ಕೆ 27 ಸೇರಿಸಿ. ಎರಡು ಕೆಂಪು ಉಳಿದಿದ್ದರೆ 16 + 27 = 43. ಮುಂದಿರುವವನು 44 ಅಂಕ ಮುಂದಿದ್ದರೆ, ಹಿಂದಿರುವವನು ಎಲ್ಲ ಚೆಂಡು ಹಾಕಿದರೂ ಸಾಲದು. ಎದುರಾಳಿಯಿಂದ ಫೌಲ್ ಮಾಡಿಸಲೇಬೇಕು. ಇದನ್ನೇ 'ಸ್ನೂಕರ್ ಬೇಕು' ಅನ್ನೋದು. ಎದುರಾಳಿ ಹೊಡೆಯಬೇಕಾದ ಚೆಂಡಿಗೆ ನೇರ ದಾರಿ ಇಲ್ಲದ ಹಾಗೆ ಬಿಳಿ ಚೆಂಡನ್ನು ಅಡಗಿಸೋದೇ ಇಲ್ಲಿ ಸ್ನೂಕರ್. ಒಂದು ಸ್ನೂಕರ್ ಬೇಕಿದ್ದರೆ ಕೆಲವರು ಆಡುತ್ತಾರೆ. ಮೂರು ನಾಲ್ಕು ಬೇಕಾದರೆ ಸುಮ್ನೆ ಸಮಯ ಹಾಳು ಅಂತ ಬಿಟ್ಟುಕೊಡುತ್ತಾರೆ. ಅದಕ್ಕೇ 72–8 ಥರದ ಅಂಕಗಳು ಅಷ್ಟೊಂದು ಕಾಣೋದು.

ಈ ಲೆಕ್ಕ ಇಟ್ಟುಕೊಂಡು 1985ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನ ಕೊನೆಯ ಫ್ರೇಮ್ ಓದಿ. ಸ್ಟೀವ್ ಡೇವಿಸ್ ಎದುರು ಡೆನಿಸ್ ಟೇಲರ್, 17–17. ಡೇವಿಸ್ 62, ಟೇಲರ್ 44. ಮೇಜಿನ ಮೇಲೆ ನಾಲ್ಕೇ ಚೆಂಡು: ಕಂದು, ನೀಲಿ, ಗುಲಾಬಿ, ಕಪ್ಪು. 4 + 5 + 6 + 7 = 22. ಟೇಲರ್ ಹಿಂದಿರುವುದು 18. ಅಂದರೆ ನಾಲ್ಕೂ ಬೇಕು, ಒಂದು ತಪ್ಪಿದರೂ ಲೆಕ್ಕ ಕೂಡಲ್ಲ. ಕಂದು ಹಾಕಿದರು, 48. ನೀಲಿ, 53. ಗುಲಾಬಿ, 59. ಈಗ 62–59, ಉಳಿದದ್ದು ಕಪ್ಪು. ಯಾರು ಹಾಕಿದರೆ ಅವರು ವಿಶ್ವ ಚಾಂಪಿಯನ್. ಇಬ್ಬರೂ ತಪ್ಪಿಸಿದರು. ಡೇವಿಸ್‌ಗೆ ತೆಳುವಾಗಿ ಕತ್ತರಿಸುವ ಒಂದು ಹೊಡೆತ ಸಿಕ್ಕಿತು, ಅದೂ ಹೋಯಿತು. ಕೊನೆಗೆ ಟೇಲರ್ ಹಾಕಿದರು. 66–62, ಪಂದ್ಯ 18–17. ಆ ಫ್ರೇಮ್ ಒಂದೇ 68 ನಿಮಿಷ ನಡೆದಿತ್ತು. ಬ್ರಿಟನ್ನಿನಲ್ಲಿ ಮಧ್ಯರಾತ್ರಿ ದಾಟಿದ ಮೇಲೂ 1 ಕೋಟಿ 85 ಲಕ್ಷ ಜನ ಟಿವಿ ಮುಂದೆ ಕೂತಿದ್ದರು.

ಇನ್ನೊಂದು ವಿಷಯ ಗೊತ್ತಾ? ಡೇವಿಸ್ ಈ ಫೈನಲ್‌ನಲ್ಲಿ 8–0 ಮುಂದಿದ್ದರು. ಇಡೀ ಪಂದ್ಯದಲ್ಲಿ ಟೇಲರ್ ಮುಂದಾದದ್ದು ಆ ಕೊನೆಯ ಕಪ್ಪು ಬಿದ್ದಾಗ ಮಾತ್ರ.

ಐದನೆಯದು: ಫ್ರೇಮ್‌ಗಳ ಕ್ರಮ

ಉದ್ದದ ಪಂದ್ಯಗಳನ್ನು ಸೆಷನ್‌ಗಳಾಗಿ ಒಡೆದು ಆಡಿಸುತ್ತಾರೆ. ಬೆಸ್ಟ್ ಆಫ್ 19 ಎರಡು ಸೆಷನ್, 25 ಮೂರು ಸೆಷನ್. ಸೆಮಿಫೈನಲ್ ಮತ್ತು ಫೈನಲ್ ನಾಲ್ಕು ಸೆಷನ್. ಒಂದು ಸೆಷನ್ ಒಳಗೂ ನಾಲ್ಕು ಫ್ರೇಮ್ ಆದ ಮೇಲೆ ಒಂದು ಚಿಕ್ಕ ಬಿಡುವು. ಯಾರಾದರೂ ಸಾಲಾಗಿ ಫ್ರೇಮ್ ಗೆಲ್ಲುತ್ತಾ ಇದ್ದು ಥಟ್ಟನೆ ನಿಂತುಹೋದರೆ, ಅದು ಈ ಬಿಡುವಿನ ಹತ್ತಿರವೇ ಆಗಿದೆಯಾ ಅಂತ ನೋಡಿ. ಎಷ್ಟೋ ಸಲ ಹೌದು ಅನ್ನಿಸುತ್ತೆ.

2023ರ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್: ಲೂಕಾ ಬ್ರೆಸೆಲ್ 17–15 ಸೀ ಜಿಯಾಹುಯಿ. ಅಂಕಿ ನೋಡಿದರೆ ಇಬ್ಬರೂ ಒಂದೊಂದು ಫ್ರೇಮ್ ಹಂಚಿಕೊಂಡು ಹೋದ ಹಾಗಿದೆ. ನಡೆದದ್ದೇ ಬೇರೆ. ಬ್ರೆಸೆಲ್ 5–14 ಹಿಂದಿದ್ದರು. ಎದುರಾಳಿಗೆ ಬೇಕಿದ್ದದ್ದು ಮೂರು ಫ್ರೇಮ್. ಅಲ್ಲಿಂದ ಬ್ರೆಸೆಲ್ ಸಾಲಾಗಿ 11 ಫ್ರೇಮ್ ಗೆದ್ದು 16–14 ಮಾಡಿದರು. ಆಮೇಲೆ ಒಂದು ಬಿಟ್ಟುಕೊಟ್ಟು 17–15ಕ್ಕೆ ಮುಗಿಸಿದರು. ಕ್ರೂಸಿಬಲ್‌ನಲ್ಲಿ ಅಷ್ಟು ಹಿಂದಿನಿಂದ ಎದ್ದು ಬಂದು ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಫೈನಲ್‌ನಲ್ಲಿ ಮಾರ್ಕ್ ಸೆಲ್ಬಿಯನ್ನು 18–15ರಿಂದ ಸೋಲಿಸಿ ಬ್ರೆಸೆಲ್ ಚಾಂಪಿಯನ್ ಆದರು. ಆ ವರ್ಷಕ್ಕೂ ಮುಂಚೆ ಅವರು ಕ್ರೂಸಿಬಲ್‌ನಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ!

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. 2025ರ ಫೈನಲ್, ಝಾವೊ ಶಿನ್‌ಟಾಂಗ್ 18–12 ಮಾರ್ಕ್ ವಿಲಿಯಮ್ಸ್. ಮೊದಲ ದಿನ ಮುಗಿದಾಗ 11–6. ಮೂರನೇ ಸೆಷನ್ ಮುಗಿದಾಗ 17–8, ಝಾವೊಗೆ ಬೇಕಿದ್ದದ್ದು ಒಂದೇ ಫ್ರೇಮ್. ಆಗ ವಿಲಿಯಮ್ಸ್ ಸಾಲಾಗಿ ನಾಲ್ಕು ಗೆದ್ದರು. 18–12 ಅನ್ನೋದು ಪಂದ್ಯ ಇದ್ದದ್ದಕ್ಕಿಂತ ಹತ್ತಿರದ್ದು ಅನ್ನೋ ಹಾಗೆ ಕಾಣಿಸುತ್ತೆ. ಫಲಿತ ಬಹುಮಟ್ಟಿಗೆ ಮೂರನೇ ಸೆಷನ್‌ನಲ್ಲೇ ತೀರ್ಮಾನ ಆಗಿತ್ತು.

ಹಾಗಾಗಿ ಉದ್ದದ ಪಂದ್ಯಕ್ಕೆ ನಾನು ಮಾಡೋದು ಇಷ್ಟು: ಪ್ರತಿ ಸೆಷನ್ ಕೊನೆಯ ಸ್ಕೋರ್ ಅನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಈ ಫೈನಲ್‌ಗೆ, ಎರಡನೇ ಸೆಷನ್‌ನಿಂದ: 11–6, 17–8, 18–12. ಮೂರು ಜೋಡಿ ಅಂಕಿಗಳಲ್ಲಿ ಪಂದ್ಯದ ಆಕಾರ ಕಣ್ಣಿಗೆ ಬೀಳುತ್ತೆ.

ಆರನೆಯದು: ಶ್ರೇಯಾಂಕದಲ್ಲಿ ಏನಾಯ್ತು?

2014–15ರ ಋತುವಿನಿಂದ ವಿಶ್ವ ಶ್ರೇಯಾಂಕ ಅಂದರೆ ಶುದ್ಧ ಹಣದ ಲೆಕ್ಕ. ರ‍್ಯಾಂಕಿಂಗ್ ಟೂರ್ನಿಗಳಲ್ಲಿ ಎರಡು ವರ್ಷದಲ್ಲಿ ಗಳಿಸಿದ ಬಹುಮಾನವನ್ನು ಪೌಂಡ್‌ನಲ್ಲಿ ಕೂಡಿಸುತ್ತಾರೆ. ಒಂದು ಪೌಂಡ್, ಒಂದು ಅಂಕ. ಹೊಸ ಟೂರ್ನಿಯ ಹಣ ಸೇರಿದಾಗ ಎರಡು ವರ್ಷ ಹಿಂದಿನ ಅದೇ ಹೊತ್ತಿನ ಹಣ ಉದುರುತ್ತೆ. ಇಲ್ಲೇ ಜನ ಎಡವೋದು. 'ಸೆಮಿಫೈನಲ್ ತಲುಪಿದ, ಆದರೂ ಶ್ರೇಯಾಂಕದಲ್ಲಿ ಕೆಳಗೆ ಬಿದ್ದ' ಅನ್ನೋ ಸುದ್ದಿ ಕಂಡರೆ, ಎರಡು ವರ್ಷದ ಹಿಂದೆ ಅವನು ಅಲ್ಲಿ ಏನು ಮಾಡಿದ್ದ ಅಂತ ನೋಡಿ. ಬಹುಶಃ ಗೆದ್ದಿದ್ದ. ದೊಡ್ಡ ಮೊತ್ತ ಹೋಯಿತು, ಚಿಕ್ಕ ಮೊತ್ತ ಬಂತು.

ಇನ್ನೊಂದು ಕಣ್ಣಿಗೆ ಬೀಳದ ನಿಯಮ. ಕ್ರೂಸಿಬಲ್‌ಗೆ ನೇರವಾಗಿ ಬಂದ ಸೀಡ್ ಆಟಗಾರ ಮೊದಲ ಪಂದ್ಯದಲ್ಲೇ ಸೋತರೆ ಬಹುಮಾನದ ಹಣ ಕೈಗೆ ಬರುತ್ತೆ, ಶ್ರೇಯಾಂಕಕ್ಕೆ ಸೇರಲ್ಲ. ಅದೇ ಸುತ್ತಿನಲ್ಲಿ ಸೋತ ಕ್ವಾಲಿಫೈಯರ್‌ಗೆ ಸೇರುತ್ತೆ. ನ್ಯಾಯವಾದದ್ದೇ ಅನ್ನಿಸುತ್ತೆ ನನಗೆ. ಒಬ್ಬ ಗೆದ್ದು ಬಂದಿದ್ದಾನೆ, ಇನ್ನೊಬ್ಬ ಬಂದು ಕೂತಿದ್ದಾನೆ.

ವಿಶ್ವ ಚಾಂಪಿಯನ್‌ಗೆ 5 ಲಕ್ಷ ಪೌಂಡ್. ಬೇರೆ ಟೂರ್ನಿಗಳ ಮುಂದೆ ಇದು ಎಷ್ಟು ದೊಡ್ಡ ಮೊತ್ತ ಅಂತ ತಿಳಿಯಬೇಕಾದರೆ ಮತ್ತೆ ಝಾವೊ ಕಡೆ ನೋಡಿ. ನಿಷೇಧದ ಅವಧಿ ಮುಗಿಸಿ ಬಂದ ಅವರು 2025ರಲ್ಲಿ ಆಡಿದ್ದು ಹವ್ಯಾಸಿಯಾಗಿ. ನಾಲ್ಕು ಅರ್ಹತಾ ಪಂದ್ಯ, ಆಮೇಲೆ ಕ್ರೂಸಿಬಲ್‌ನಲ್ಲಿ ಐದು, ಒಂಬತ್ತನ್ನೂ ಗೆದ್ದರು. ಏಷ್ಯಾದಿಂದ ಬಂದ ಮೊದಲ ವಿಶ್ವ ಚಾಂಪಿಯನ್. ಆ ಒಂದೇ ಟೂರ್ನಿಯ ಹಣದ ಬಲದಿಂದ ಮುಂದಿನ ಋತುವನ್ನು ವಿಶ್ವದ 11ನೇ ಸ್ಥಾನದಿಂದ ಶುರು ಮಾಡಿದರು. ಉಳಿದವರು ಎರಡು ವರ್ಷ ಊರೂರು ಸುತ್ತಿ ಕೂಡಿಹಾಕಿದ್ದನ್ನು ಒಂದು ತಿಂಗಳಲ್ಲಿ ದಾಟಿದ ಹಾಗಾಯ್ತು. ಹಣದ ಲೆಕ್ಕದ ಶ್ರೇಯಾಂಕವನ್ನು ಹೊಗಳುವವರೂ ಬೈಯುವವರೂ ತೋರಿಸೋದು ಇದೇ ಥರದ ಜಿಗಿತವನ್ನು.

ಪಟ್ಟಿಯಲ್ಲಿ ಎಲ್ಲ ಸ್ಥಾನಕ್ಕೂ ಒಂದೇ ತೂಕ ಇಲ್ಲ. ಎರಡು ಗೆರೆ ಎಳೆದುಕೊಳ್ಳಿ. ಒಂದು 16ರ ಕೆಳಗೆ. ಅದರ ಮೇಲಿದ್ದರೆ ಮಾಸ್ಟರ್ಸ್‌ಗೆ ಆಹ್ವಾನ, ಕ್ರೂಸಿಬಲ್‌ಗೆ ನೇರ ಪ್ರವೇಶ. ಇನ್ನೊಂದು 64ರ ಕೆಳಗೆ. ಋತು ಮುಗಿದಾಗ ಅದರ ಮೇಲಿದ್ದವರಿಗೆ ಟೂರ್‌ನಲ್ಲಿ, ಅಂದರೆ ವೃತ್ತಿಪರ ಟೂರ್ನಿಗಳ ಸರಣಿಯಲ್ಲಿ, ಮುಂದಿನ ಋತುವಿಗೂ ಜಾಗ ಖಾಯಂ. ಕೆಳಗಿದ್ದು ಎರಡು ವರ್ಷದ ಟೂರ್ ಕಾರ್ಡ್ ಮುಗಿದವರು ಬೇರೆ ದಾರಿ ಹುಡುಕಬೇಕು, ಹೆಚ್ಚಿನವರು ಕ್ಯೂ ಸ್ಕೂಲ್ ಅನ್ನುವ ಅರ್ಹತಾ ಟೂರ್ನಿಗೆ ಹೋಗುತ್ತಾರೆ. ಋತುವಿನ ಕೊನೆಯಲ್ಲಿ ಮೊದಲ ಸುತ್ತಿನ ಯಾವುದೋ ಮೂಲೆಯ ಪಂದ್ಯ, ಯಾರಿಗೂ ಹೆಸರು ಗೊತ್ತಿಲ್ಲದ ಇಬ್ಬರು, ಡಿಸೈಡರ್‌ನಲ್ಲಿ ಒಂದು ಗಂಟೆ ಬಡಿದಾಡಿದ್ದಾರೆ ಅಂದರೆ ಅವರ ಶ್ರೇಯಾಂಕ ನೋಡಿ. 60ರ ಆಚೀಚೆ ಇದ್ದರೆ ಅಲ್ಲಿ ಕೆಲಸ ಉಳಿಸಿಕೊಳ್ಳುವ ಜಗಳ ನಡೆದಿದೆ. ನನ್ನ ಮಟ್ಟಿಗೆ ಕೆಲವು ಫೈನಲ್‌ಗಳಿಗಿಂತ ಇವೇ ಹೆಚ್ಚು ಬಿಸಿ.

ಎರಡು ವರ್ಷದ ಪಟ್ಟಿಯಲ್ಲದೆ ಒಂದು ವರ್ಷದ ಪಟ್ಟಿಯೂ ಇದೆ. ಆ ಋತುವಿನಲ್ಲಿ ಗಳಿಸಿದ್ದು ಮಾತ್ರ ಅದರಲ್ಲಿ. ವರ್ಲ್ಡ್ ಗ್ರ್ಯಾನ್ ಪ್ರೀಗೆ 32, ಪ್ಲೇಯರ್ಸ್ ಚಾಂಪಿಯನ್‌ಶಿಪ್‌ಗೆ 16, ಟೂರ್ ಚಾಂಪಿಯನ್‌ಶಿಪ್‌ಗೆ ಈಗ 12 ಜನರನ್ನು ಆರಿಸೋದು ಈ ಪಟ್ಟಿಯಿಂದ. ಎರಡು ಪಟ್ಟಿ ಬೆರೆಸಿದರೆ ತಲೆ ಚಿಟ್ಟು ಹಿಡಿಯುತ್ತೆ. ಯಾವುದನ್ನು ಓದುತ್ತಿದ್ದೀರಿ ಅಂತ ಮೊದಲು ಶೀರ್ಷಿಕೆ ನೋಡಿ.

ಈಗ ನೀವೇ ಒಂದು ಓದಿ

ಅಭ್ಯಾಸಕ್ಕೆ ಇಂಡಿಯನ್ ಓಪನ್ ಸಾಕು. ಐದೇ ಐದು ಸಲ ನಡೆದಿದೆ. 2013 ದೆಹಲಿ, ಡಿಂಗ್ 5–0 ಮೆಹ್ತಾ. 2015 ಮುಂಬೈ, ಮೈಕಲ್ ವೈಟ್ 5–0 ರಿಕಿ ವಾಲ್ಡನ್. 2016 ಹೈದರಾಬಾದ್, ಆಂಥೊನಿ ಮೆಗಿಲ್ 5–2 ಕೈರನ್ ವಿಲ್ಸನ್. 2017 ವಿಶಾಖಪಟ್ಟಣ, ಜಾನ್ ಹಿಗಿನ್ಸ್ 5–1 ಮೆಗಿಲ್. 2019 ಕೊಚ್ಚಿ, ಮ್ಯಾಥ್ಯೂ ಸೆಲ್ಟ್ 5–3 ಲ್ಯು ಹಾವೊಟಿಯಾನ್.

ಐದು ಫೈನಲ್ ಕೂಡ ಬೆಸ್ಟ್ ಆಫ್ 9, ಒಂದೂ ಡಿಸೈಡರ್‌ಗೆ ಹೋಗಿಲ್ಲ. ಎರಡು ವೈಟ್‌ವಾಷ್. ಮೆಗಿಲ್ ಒಂದು ವರ್ಷ ಗೆದ್ದು ಮರುವರ್ಷ ಫೈನಲ್‌ನಲ್ಲಿ ಸೋತಿದ್ದಾರೆ. ಸೆಲ್ಟ್‌ಗೆ ಅದು ವೃತ್ತಿಜೀವನದ ಮೊದಲ ರ‍್ಯಾಂಕಿಂಗ್ ಪ್ರಶಸ್ತಿ. ಸೆಲ್ಟ್ ಮಾತೊಂದು ಬಿಟ್ಟರೆ ಇಷ್ಟನ್ನು ಬರೀ ಮೇಲಿನ ಸಾಲುಗಳಿಂದಲೇ ಹೇಳಬಹುದು. ಇನ್ನು ಕೊಚ್ಚಿಯ ಆ 5–3ರ ಎಂಟು ಫ್ರೇಮ್‌ಗಳನ್ನು ಹುಡುಕಿ ತೆಗೆದು, ಆವರಣ ಎಲ್ಲಿದೆ, ಎಲ್ಲಿಲ್ಲ ಅಂತ ನೋಡೋ ಕೆಲಸ ನಿಮ್ಮದು. ಕೈಯಲ್ಲಿ ಪೆನ್ನು ಇರಲಿ.